ತೋಟಕ್ಕೆ ದೇವಿಯ ಕಾವಲು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಸಂಚರಿಸುವವರು ಅಡಕೆಯ ತೋಟಗಳ ಬೇಲಿಯಲ್ಲಿ ಒಂದು ಫಲಕವನ್ನು ಕಂಡಿರಬಹುದು. ಈ ಸ್ವತ್ತಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬುದು ಅದರ ತಾತ್ಪರ್ಯ. ಫಲಕವನ್ನು ನೆಟ್ಟವನಿಗೆ ಆ ಬರಹ ಸಮಾಧಾನವನ್ನು ತರುತ್ತದೆ. ಕದಿಯಬಂದವನಲ್ಲಿ ಅಂಜಿಕೆಯನ್ನು ಹುಟ್ಟಿಸುತ್ತದೆ. ದೈವದ ನಂಬಿಕೆ ಸಾಂತ್ವನವೋ, ಮನುಷ್ಯನನ್ನು ಹತೋಟಿಯಲ್ಲಿಡುವ ಉಪಾಯವೋ ಎಂಬ ಹಳೆಯ ಪ್ರಶ್ನೆಗೆ ಈ ಫಲಕವು ಎರಡೂ ಹೌದೆಂದು ಉತ್ತರಿಸುವಂತಿದೆ. ಇದು ಹೇಗೆಂಬುದನ್ನು ವಿಚಾರಮಾಡೋಣ.

ಅಡಕೆ ಬೆಳೆಗಾರನ ವರ್ಷದ ದುಡಿಮೆಯೆಲ್ಲ ಮಳೆಗಾಲದ ಕೃಪೆಯಲ್ಲಿದೆ. ಮಳೆ ಬಿಡುವಿಲ್ಲದೆ ಸುರಿದರೆ ಕೊಳೆರೋಗ ತಗಲಿ ಎಳೆಯ ಕಾಯಿಗಳು ಉದುರಿಹೋಗುತ್ತವೆ. ಬೆಳೆಗಾರನು ಮೈಲುತುತ್ತ, ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾನೆ. ಔಷಧ ಹೊಡೆಯುವುದು ಅವನ ಕೈಯಲ್ಲಿದೆ. ಮಳೆಯನ್ನು ನಿಲ್ಲಿಸುವುದು ಅವನ ಕೈಯಲ್ಲಿಲ್ಲ. ಹರಕೆಗೆ ಅಲ್ಲಿ ಎಡೆಯುಂಟು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯು ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡುದೂ ಇದನ್ನೇ. ಅಪಾಯವಿಲ್ಲದ ಒಳಕೊಲ್ಲಿಯಲ್ಲಿ ಮೀನು ಹಿಡಿಯಲು ಅಲ್ಲಿನವರು ಮಂತ್ರವನ್ನು ಬಳಸುತ್ತಿರಲಿಲ್ಲ. ತೆರೆದ ಕಡಲಿಗೆ ಹೋಗುವಾಗ ಬಳಸುತ್ತಿದ್ದರು.

ಇನ್ನು ಹತೋಟಿಯ ಮಾತು. ಯಾರೋ ನೋಡುತ್ತಿದ್ದಾರೆಂಬ ಭಾವನೆ ನಡತೆಯನ್ನು ತಿದ್ದಬಲ್ಲುದೆ? ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ಒಂದು ಕಾಫಿ ಕೋಣೆಯಲ್ಲಿ, ಒಂದು ವಾರ ಹೂಗಳ, ಮರುವಾರ ಕಣ್ಣುಗಳ ಚಿತ್ರವನ್ನು ಅಂಟಿಸಿ ಪರೀಕ್ಷಿಸಿದರು. ಕಣ್ಣುಗಳಿದ್ದ ವಾರಗಳಲ್ಲಿ ಹಣದ ಪೆಟ್ಟಿಗೆಗೆ ಸುಮಾರು 3 ಪಟ್ಟು ಹೆಚ್ಚು ಹಣ ಬಿದ್ದಿತೆಂದು 2006ರಲ್ಲಿ ಪ್ರಕಟವಾಯಿತು. ಅನಂತರದ ಪರೀಕ್ಷೆಗಳಲ್ಲಿ ಈ ಫಲ ಒಂದೇ ಸಮನಾಗಿ ದೊರೆಯಲಿಲ್ಲ; ಆದುದರಿಂದ ಇದನ್ನೇ ಸಿದ್ಧಾಂತವೆಂದು ಹಿಡಿಯಲಾಗದು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು 8 ಸಮುದಾಯಗಳ 591 ಜನರಿಗೆ ಗುಟ್ಟಾಗಿ ನಾಣ್ಯಗಳನ್ನು ಹಂಚುವ ಆಟವನ್ನು ಕೊಟ್ಟಿತು. ದೇವರು ಮನಸ್ಸನ್ನು ಬಲ್ಲನು, ತಪ್ಪನ್ನು ದಂಡಿಸುವನು ಎಂದು ಹೆಚ್ಚಾಗಿ ನಂಬಿದವರು ತಮ್ಮ ಮತದವರೇ ಆದ ದೂರದೂರಿನ ಅಪರಿಚಿತರಿಗೆ ಹೆಚ್ಚು ನಾಣ್ಯಗಳನ್ನು ಮೀಸಲಿಟ್ಟರು. ಅಂಜಿಕೆಯು ಪ್ರಾಮಾಣಿಕತೆಯೊಡನೆ ಕೂಡಿರುವುದುಂಟು. ಅದೇ ಕಾರಣವೆಂಬುದು ಇದರಿಂದ ಸಿದ್ಧವಾಗದು.

ಆದರೆ ಈ ಅಂಜಿಕೆ ಯಾರ ಮೇಲೆ? ಬೇಲಿಯ ಫಲಕ ಹೊರಗಿನ ಕಳ್ಳನನ್ನು ತಡೆದೀತು. ಒಡೆಯನ ಕೊಳಗವೇ ಅಳತೆ ಮೀರಿದ್ದರೆ ಅದನ್ನು ತಡೆಯುವವರು ಯಾರು? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಬತ್ತವನ್ನು ಅಳೆಯುವ ಕೊಳಗವನ್ನು ಪ್ರಶ್ನಿಸಿ 1951ರಲ್ಲಿ ಗೇಣಿದಾರರೇ ಸತ್ಯಾಗ್ರಹ ಹೂಡಬೇಕಾಯಿತು. ಇನ್ನು ದೈವದ ಹೆಸರಿನಲ್ಲಿ ಪರರನ್ನು ಹೆದರಿಸಿ ಸುಲಿಯುವವರೂ ಉಂಟು. ಅಂಥ ಅಮಾನುಷ ಆಚರಣೆ, ವಾಮಾಚಾರಗಳ ತಡೆಗಾಗಿ ಕರ್ನಾಟಕವು 2017ರಲ್ಲಿ ಕಾನೂನನ್ನು ಅಂಗೀಕರಿಸಿ 2020ರಲ್ಲಿ ಜಾರಿಗೆ ತಂದಿತು.

ಆದುದರಿಂದ ನಂಬಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಹೇಳಲಾಗದು. ತನ್ನ ದುಗುಡಕ್ಕೆ ತಾನೇ ಹುಡುಕಿಕೊಂಡ ಆಸರೆಯು ಸಾಂತ್ವನ. ಪರರ ಮೇಲೆ ಹೊರಿಸಿದ ಭಯವು ಹತೋಟಿ. ಇವೆರಡನ್ನೂ ಬೇರ್ಪಡಿಸಿ ನೋಡಲು ಒಂದು ಪ್ರಶ್ನೆಯನ್ನು ತರುಣ ಓದುಗರ ಮುಂದಿಡುತ್ತೇವೆ: ಫಲಕವನ್ನು ನೆಟ್ಟವನು, ತಾನು ಕೂಲಿಯನ್ನು ಎಣಿಸುವಾಗ, ತಕ್ಕಡಿಯನ್ನು ಹಿಡಿಯುವಾಗ, ಆ ಕಣ್ಣಿಗೆ ತಾನೂ ಅಂಜುವನೆ?