ಮಳೆಯನ್ನೇ ಸೆರೆಹಿಡಿದ ದುರ್ಗ

ಅಬ್ಬಾ, ಇದೇನು ಕೋಟೆಯೋ, ಬಂಡೆಗಳ ಜಾತ್ರೆಯೋ! ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮಗೆ ಚಿತ್ರದುರ್ಗವೆಂದರೆ ಶಾಲೆಯ ಪ್ರವಾಸದಲ್ಲೇ ನೋಡಿ ಮುಗಿಸಿದ ಲೆಕ್ಕ. ಹೊಸದುರ್ಗ, ಹೊಳಲ್ಕೆರೆ ದಾಟಿದರೆ ಬಂದೇಬಿಟ್ಟಿತು. ಆದರೆ ನಾಲ್ಕು ಮಳೆ ಬಿದ್ದ ಮೇಲೊಮ್ಮೆ ಹತ್ತಿ ನೋಡಿ!

ಪೇಟೆಯೊಳಗಿನ ರಂಗಯ್ಯನ ಬಾಗಿಲು, ಮೇಲೆ ಕಾಮನ ಬಾಗಿಲು, ಆಮೇಲೆ ತಿರುವಿಗೊಂದು ಬಾಗಿಲು. ಏಳು ಸುತ್ತಿನ ಕೋಟೆಯಲ್ಲವೇ! ನೇರ ನುಗ್ಗಲು ದಾರಿಯೇ ಇಲ್ಲ, ಹಾವಿನಂತೆ ಹೊರಳುತ್ತಲೇ ಹೋಗಬೇಕು. ಒಂದು ಕಡೆ ಆಳದ ಗುಂಡಿ, ಅದರೊಳಗೆ ನಾಲ್ಕು ದೈತ್ಯ ಬೀಸುವ ಕಲ್ಲು! ತೋಪಿನ ಮದ್ದು ಅರೆಯಲಿಕ್ಕೆ ಎತ್ತು ಕಟ್ಟಿ ತಿರುಗಿಸುತ್ತಿದ್ದರಂತೆ. ಅಮೃತಮಹಲ್ ರಾಸುಗಳನ್ನು ನೋಡಿ ಬೆಳೆದ ಅಜ್ಜಂಪುರದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಇರಲಾರರು.

ನನ್ನನ್ನು ಬೆರಗಾಗಿಸಿದ್ದು ಮಾತ್ರ ಮದ್ದಲ್ಲ, ನೀರು. ಬರಕ್ಕೆ ಹೆಸರಾದ ಸೀಮೆ, ಮೇಲೆ ಬರಿಯ ಬಂಡೆ. ಅಲ್ಲಿ ಬಿದ್ದ ಹನಿ ಹನಿಯನ್ನೂ ಇಳಿಜಾರಿನಲ್ಲಿ ಹರಿಸಿ ಗೋಪಾಲಸ್ವಾಮಿ ಹೊಂಡ ತುಂಬಿಸಿದ್ದಾರೆ! ಅದು ಕೋಡಿ ಬಿದ್ದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಅದೂ ಉಕ್ಕಿದರೆ ಕೆಳಗೆ ಊರಿನ ಸಂತೆ ಹೊಂಡ. ಪಂಪಿಲ್ಲ, ಪೈಪಿಲ್ಲ! ಪಾಳೆಯಗಾರರ ಶೌರ್ಯಕ್ಕೆ ಎಷ್ಟು ಲಾವಣಿ ಕಟ್ಟಿದರೇನು, ಈ ಇಳಿಜಾರನ್ನು ಅಳೆದ ಒಡ್ಡರ, ಕಲ್ಲುಕುಟಿಗರ ಹೆಸರು ಯಾರ ಬಾಯಲ್ಲೂ ಇಲ್ಲ. ನನಗದು ಅನ್ಯಾಯವೆಂದೇ ಅನಿಸುತ್ತದೆ.

ಇನ್ನು ಓಬವ್ವನ ಕಿಂಡಿ! ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಆಕೆ ಒನಕೆ ಎತ್ತಿದಳು, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ಕಿಂಡಿಯ ಹತ್ತಿರ ಅವಳಿಗೇನು ಕೆಲಸ? ನೀರು! ಉಣ್ಣುವ ಗಂಡನಿಗೆ ನೀರು ತರಲು ಕೊಡ ಹಿಡಿದು ಹೋಗಿದ್ದಳು. ಪಕ್ಕದಲ್ಲೇ ತಣ್ಣೀರು ದೋಣಿ ಎಂಬ ನೀರಿನ ತಾಣವಿದೆ, ಬಂಡೆಯ ಅಡಿಯಲ್ಲಿ. ಕೋಟೆಗೆ ಮುತ್ತಿಗೆ ಹಾಕಿದ್ದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದುದು ಆಗಲೇ ಕಣ್ಣಿಗೆ ಬಿದ್ದದ್ದು. ಕೊನೆಗೆ 1779ರಲ್ಲಿ ಕೋಟೆ ಹೈದರನ ಕೈಸೇರಿತು, ದುರ್ಗದ ಪಾಳೆಯಗಾರ ಮದಕರಿ ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ. ಅದು ಬೇರೆ ಮಾತು.

ಆ ಕಿಂಡಿಯಲ್ಲಿ ನಾನೂ ಬಗ್ಗಿ, ಹೊಟ್ಟೆ ಎಳೆದುಕೊಂಡು ನುಸುಳಿದೆ. ತಲೆಯೇ ಮೊದಲು ಹೊರಬರುತ್ತದೆ, ಕೈ ಎತ್ತಲು ಜಾಗವೇ ಇಲ್ಲ! ಎದುರಿಗೆ ಒನಕೆ ಹಿಡಿದು ನಿಂತವಳಿಗೆ ಎಷ್ಟು ಜನ ಬಂದರೂ ಲೆಕ್ಕವಿಲ್ಲ.