ಅಕ್ಕಿ ನೋಡುವ ಯಂತ್ರದ ಕಣ್ಣು: ಆಟೋಫೋಕಸ್ ಎಲ್ಲಿ ಬೇಕು, ಎಲ್ಲಿ ಬೇಡ

ಗಂಗಾವತಿ ಮತ್ತು ಕಾರಟಗಿ ಭಾಗದ ಗಿರಣಿಗಳಿಗೆ ಕಲರ್ ಸಾರ್ಟರ್ ಈಗ ಐಷಾರಾಮದ ಯಂತ್ರವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿ ಎಷ್ಟೇ ಉತ್ತಮವಾಗಿದ್ದರೂ, ಚೀಲದಲ್ಲಿ ನಾಲ್ಕು ಕಪ್ಪು ಕಾಳು ಕಂಡರೆ ಖರೀದಿದಾರನು ದರ ಇಳಿಸುತ್ತಾನೆ. ಆದ್ದರಿಂದ ಸಾರ್ಟರಿನ ಕ್ಯಾಮೆರಾ ಸ್ಪಷ್ಟವಾಗಿ ನೋಡುತ್ತಿದೆಯೇ ಎಂಬುದು ಇಂಜಿನಿಯರನ ಪ್ರಶ್ನೆಯಷ್ಟೇ ಅಲ್ಲ, ಲಾಭ-ನಷ್ಟದ ಪ್ರಶ್ನೆಯೂ ಹೌದು.

ಸಾರ್ಟರಿನಲ್ಲಿ ಅಕ್ಕಿಯು ಕಂಪಿಸುವ ತಟ್ಟೆಯಿಂದ ಇಳಿಜಾರು ದೋಣಿಗೆ ಜಾರಿ, ಅದರ ತುದಿಯಿಂದ ತೆಳುವಾದ ಪರದೆಯಂತೆ ಬೀಳುತ್ತದೆ. ಹಿಂದೆ ಮುಂದೆ ಅಳವಡಿಸಿದ ಲೈನ್ ಸ್ಕ್ಯಾನ್ ಕ್ಯಾಮೆರಾಗಳು ಅದನ್ನು ಒಂದೊಂದೇ ಗೆರೆಯಾಗಿ ಓದುತ್ತವೆ. ದೋಷವುಳ್ಳ ಕಾಳು ಕಂಡೊಡನೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಎಜೆಕ್ಟರ್ ವಾಲ್ವ್ ತೆರೆದು ಒತ್ತಡದ ಗಾಳಿ ಅದನ್ನು ಆಚೆ ಹೊಡೆಯುತ್ತದೆ. ಫೋಕಸ್ ತಪ್ಪಿದರೆ ಕಾಳಿನ ಕಪ್ಪು ತುದಿಯು ಅಕ್ಕಪಕ್ಕದ ಬಿಳಿಯೊಡನೆ ಕಲೆತು ಮಂಕಾಗುತ್ತದೆ. ಯಂತ್ರ ಅದನ್ನು ಒಳ್ಳೆಯದೆಂದೇ ಬಿಡುತ್ತದೆ. ಆಗ ಆಪರೇಟರ್ ಸೂಕ್ಷ್ಮತೆಯನ್ನು ಏರಿಸುತ್ತಾನೆ, ಒಳ್ಳೆಯ ಕಾಳೂ ರಿಜೆಕ್ಟಿಗೆ ಹೋಗುತ್ತದೆ. ಗಂಟೆಗೆ 4 ಟನ್ ಓಡುವ ಯಂತ್ರದಲ್ಲಿ ಹೀಗೆ ಶೇ. 1ರಷ್ಟು ಹೆಚ್ಚುವರಿಯಾಗಿ ಹೋದರೆ ಗಂಟೆಗೆ 40 ಕಿಲೋ, ಹತ್ತು ಗಂಟೆಯ ಪಾಳಿಗೆ 400 ಕಿಲೋ. ಅದು ಮಾರಾಟವಾಗುವುದು ರಿಜೆಕ್ಟಿನ ದರಕ್ಕೆ.

ಫೋಕಸ್ ಎಂಬುದು ಮೂಲತಃ ಸಣ್ಣ ಲೆಕ್ಕ. 25 ಮಿ.ಮೀ. ನಾಭಿದೂರದ ಮಸೂರದ ಮುಂದೆ 500 ಮಿ.ಮೀ. ದೂರದಲ್ಲಿ ವಸ್ತುವಿದ್ದರೆ ಅದರ ಬಿಂಬ ಮಸೂರದ ಹಿಂದೆ ಸುಮಾರು 26.32 ಮಿ.ಮೀ.ಗೆ ಮೂಡುತ್ತದೆ. ವಸ್ತು 400 ಮಿ.ಮೀ.ಗೆ ಬಂದರೆ ಬಿಂಬ 26.67 ಮಿ.ಮೀ.ಗೆ ಸರಿಯುತ್ತದೆ. ವ್ಯತ್ಯಾಸ ಮೂರನೇ ಒಂದು ಮಿಲಿಮೀಟರಿನಷ್ಟು ಮಾತ್ರ. ಆದರೆ ಎಫ್-4 ದ್ವಾರದಲ್ಲಿ ಮಸೂರವನ್ನು ಸರಿಸದೆ ಬಿಟ್ಟರೆ ಒಂದು ಬಿಂದು ಸುಮಾರು 80 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. 5 ಮೈಕ್ರಾನಿನ ಪಿಕ್ಸೆಲ್ ಇದ್ದರೆ ಅದು ಹದಿನಾರು ಪಿಕ್ಸೆಲ್‌ಗಳ ಮಸುಕು. ದ್ವಾರವನ್ನು ಎಫ್-8ಕ್ಕೆ ಕಿರಿದುಗೊಳಿಸಿದರೆ ಮಸುಕು ಅರ್ಧವಾಗುತ್ತದೆ, ಬೆಳಕು ಮಾತ್ರ ಕಾಲುಭಾಗಕ್ಕೆ ಇಳಿಯುತ್ತದೆ.

ಮಸೂರವನ್ನು ತಾನಾಗಿಯೇ ಸರಿಹೊಂದಿಸುವುದೇ ಆಟೋಫೋಕಸ್. 1977ರಲ್ಲಿ ಕೊನಿಕಾ ಸಿ35 ಎಎಫ್ ಇದನ್ನು ಸಾಮಾನ್ಯ ಛಾಯಾಗ್ರಾಹಕನ ಕೈಗೆ ತಂದಿತು. ಕೈಗಾರಿಕಾ ಕ್ಯಾಮೆರಾಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು ಕಾಂಟ್ರಾಸ್ಟ್ ವಿಧಾನ. ಮಸೂರವನ್ನು ಸ್ವಲ್ಪ ಸರಿಸಿ ಚಿತ್ರ ತೆಗೆಯುವುದು, ಅಂಚುಗಳ ತೀಕ್ಷ್ಣತೆಯನ್ನು ಅಂಕಿಯಾಗಿ ಅಳೆಯುವುದು, ಮತ್ತೆ ಸರಿಸುವುದು. ಅಂಕಿ ಏರಿ ಇಳಿಯತೊಡಗಿದಾಗ ಶಿಖರಕ್ಕೆ ಹಿಂತಿರುಗುವುದು. ಕತ್ತಲಲ್ಲಿ ಗುಡ್ಡ ಹತ್ತುವವನು ಕಾಲಿನಿಂದಲೇ ಏರು ಇಳುವು ತಿಳಿದಂತೆ. ಇನ್ನೊಂದು ವಿಧಾನದಲ್ಲಿ ಲೇಸರ್ ಅಥವಾ ಅಲ್ಟ್ರಾಸಾನಿಕ್ ಸಂವೇದಕ ದೂರವನ್ನು ಅಳೆದು ಹೇಳುತ್ತದೆ, ಮಸೂರ ನೇರವಾಗಿ ಆ ಸ್ಥಾನಕ್ಕೆ ಹೋಗುತ್ತದೆ.

ಸರಿಸುವ ಕೆಲಸ ಪುಟ್ಟ ಮೋಟರಿನದು. ಇಲ್ಲವೇ ದ್ರವ ಮಸೂರದ್ದು. ಇದರ ಒಂದು ಬಗೆಯಲ್ಲಿ ಒಂದಕ್ಕೊಂದು ಬೆರೆಯದ ಎಣ್ಣೆ ಮತ್ತು ನೀರಿನ ನಡುವಿನ ಮೇಲ್ಮೈ ವಿದ್ಯುತ್ ಒತ್ತಡಕ್ಕೆ ತಕ್ಕಂತೆ ಬಾಗುತ್ತದೆ. ಇದರ ಬೇರು ಗೇಬ್ರಿಯಲ್ ಲಿಪ್‌ಮನ್ 1875ರಲ್ಲಿ ಮಾಡಿದ ಅಧ್ಯಯನದಲ್ಲಿದೆ. ಅದು ಮಾರುಕಟ್ಟೆಯ ಮಸೂರವಾಗಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಚಲಿಸುವ ಯಾಂತ್ರಿಕ ಭಾಗವಿಲ್ಲದ ಕಾರಣ ಸವೆತ ಕಡಿಮೆ, ವೇಗ ಮಿಲಿಸೆಕೆಂಡುಗಳ ಲೆಕ್ಕದ್ದು.

ಹಾಗಾದರೆ ಸಾರ್ಟರಿಗೆ ಇದು ಬೇಕೇ? ಕಾಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುತ್ತಿದೆಯೆಂದು ಭಾವಿಸಿ. ಸೆಕೆಂಡಿಗೆ 100 ಚಿತ್ರ ತೆಗೆಯುವ ಕ್ಯಾಮೆರಾ ಹತ್ತು ಚಿತ್ರ ಹೋಲಿಸಿ ಫೋಕಸ್ ಹುಡುಕುವಷ್ಟರಲ್ಲಿ ಕಾಳು 30 ಸೆಂ.ಮೀ. ಕೆಳಗೆ ಹೋಗಿರುತ್ತದೆ. ಒಂದೊಂದು ಕಾಳಿಗೂ ಫೋಕಸ್ ಮಾಡುತ್ತದೆ ಎಂಬ ಮಾತನ್ನು ನಂಬಬೇಕಾಗಿಲ್ಲ. ಕಾಳು ಬೀಳುವ ದಾರಿಯೂ ನಿಗದಿಯಾದದ್ದು. ಅಲ್ಲಿ ಒಮ್ಮೆ ಸರಿಯಾಗಿ ಹೊಂದಿಸಿ ಬಿಗಿ ಮಾಡಿದ ಮಸೂರವೇ ಸಾಕು. ಗಿರಣಿಯ ಕಂಪನಕ್ಕೆ ಸ್ಕ್ರೂ ಸಡಿಲವಾಗುವುದೂ, ಬೇಸಿಗೆಯ ಕಾವಿಗೆ ಮಸೂರದ ಕೊಳವೆ ಹಿಗ್ಗುವುದೂ ನಿಜ. ಅದಕ್ಕೆ ಕೆಲಸ ಆರಂಭಿಸುವ ಮುನ್ನ ಮಾದರಿ ಫಲಕವನ್ನಿಟ್ಟು ಪರೀಕ್ಷಿಸಿದರೆ ಆದೀತು. ತೌಡಿನ ಧೂಳಿನಿಂದ ಮುಚ್ಚಿದ ಗಾಜಿಗೆ ಯಾವ ಆಟೋಫೋಕಸ್ಸೂ ಮದ್ದಲ್ಲ. ಅದಕ್ಕೆ ವೈಪರ್ ಬೇಕು, ಒಣ ಗಾಳಿ ಬೇಕು, ಒರೆಸುವ ಮನುಷ್ಯ ಬೇಕು.

ದೂರ ಬದಲಾಗುವ ಕಡೆ ಮಾತು ಬೇರೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂದ ಮೇಲೆ 26 ಕಿಲೋ ಚೀಲಗಳು ಹುಟ್ಟಿಕೊಂಡದ್ದು ವರ್ತಕರಿಗೆ ತಿಳಿದದ್ದೇ. 5, 10, 26 ಕಿಲೋ ಚೀಲಗಳು ಒಂದೇ ಬೆಲ್ಟಿನ ಮೇಲೆ ಬರುವಲ್ಲಿ ಮುದ್ರಣ ಓದುವ ಕ್ಯಾಮೆರಾಕ್ಕೆ ಆಟೋಫೋಕಸ್ ಉಪಯುಕ್ತ. ಕೊಪ್ಪಳ ಸುತ್ತಿನ ಎರಕದ ಬಿಡಿಭಾಗ, ಕುಷ್ಟಗಿಯ ಬೇರೆ ಬೇರೆ ದಪ್ಪದ ಗ್ರಾನೈಟ್ ಹಲಗೆ, ಹಿಂದೆ ಯಲಬುರ್ಗಾಕ್ಕೆ ಸೇರಿದ್ದ ಭಾನಾಪುರದಲ್ಲಿ ಆಟಿಕೆ ತಯಾರಿಕೆ, ಇವುಗಳ ತಪಾಸಣೆಗೂ ಅದೇ ಮಾತು.

ಖರೀದಿಸುವವರು ಲೆಕ್ಕಪುಸ್ತಕವನ್ನೂ ನೋಡಬೇಕು. ಹಳೆಯ ಯಂತ್ರದ ಕೆಟ್ಟ ಮಸೂರವನ್ನು ಅಂಥದೇ ಮಸೂರದಿಂದ ಬದಲಿಸಿದರೆ ಅದು ಸಾಮಾನ್ಯವಾಗಿ ದುರಸ್ತಿ ವೆಚ್ಚ. ಸ್ವತಂತ್ರವಾಗಿ ನಿಲ್ಲುವ ಹೊಸ ತಪಾಸಣಾ ಘಟಕ ಬಂಡವಾಳ ವೆಚ್ಚ. 2007ರಲ್ಲಿ ಸುಪ್ರೀಂ ಕೋರ್ಟ್ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ರಿಂಗ್ ಫ್ರೇಮನ್ನು ಪ್ರತ್ಯೇಕ ಯಂತ್ರವೆಂದೇ ಪರಿಗಣಿಸಿ, ಅದರ ಬದಲಾವಣೆಯು ಚಾಲ್ತಿ ದುರಸ್ತಿಯಲ್ಲವೆಂದಿತು. ಬಿಲ್ಲಿನಲ್ಲಿ ಏನು ಬರೆಸಿಕೊಳ್ಳುತ್ತೀರಿ ಎಂಬುದಕ್ಕೆ ಬೆಲೆಯಿದೆ.

ಕೊಟೇಶನ್ನಿನಲ್ಲಿ ಮಸೂರದಿಂದ ವಸ್ತುವಿಗೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಫೋಕಸ್ ಹೊಂದುತ್ತದೆ, ಎಷ್ಟು ಸಮಯದಲ್ಲಿ, ಎಷ್ಟು ಉಷ್ಣತೆಯವರೆಗೆ ಎಂಬ ಮೂರು ಅಂಕಿಗಳನ್ನು ಲಿಖಿತವಾಗಿ ಕೇಳಬೇಕು. ಪ್ರಾತ್ಯಕ್ಷಿಕೆಯನ್ನು ಮಾರುವವನ ಅಕ್ಕಿಯಿಂದಲ್ಲ, ತಮ್ಮ ಗಿರಣಿಯ ಅಕ್ಕಿಯಿಂದ, ಬೆಳಗಿನ ತಂಪಿನಲ್ಲಿ ಒಮ್ಮೆ, ಯಂತ್ರ ಆರು ಗಂಟೆ ಓಡಿ ಕಾದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಎರಡೂ ಬಾರಿ ರಿಜೆಕ್ಟಿನಿಂದ ಒಂದು ಕಿಲೋ ತೆಗೆದು, ಅದರಲ್ಲಿನ ಒಳ್ಳೆಯ ಕಾಳನ್ನು ಕೈಯಿಂದ ಆರಿಸಿ ತೂಗಬೇಕು.