ಗೇಣುದ್ದದ ಬೈಕಿಗೆ ಬಣ್ಣ ಹಚ್ಚುವ ಮೊದಲು

ಹದಿಹರೆಯದ ಹುಡುಗನಿರುವ ಮನೆಯಲ್ಲಿ ಬೈಕಿನ ಮಾತು ಬಾರದ ದಿನ ಕಡಿಮೆ. ಲೈಸೆನ್ಸ್ ಪಡೆಯುವ ವಯಸ್ಸಾಗುವ ಮೊದಲೇ ಯಾವ ಕಂಪೆನಿಯ ಬೈಕ್ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಅವನಿಗೆ ಬಾಯಿಪಾಠ. ತಾಯಿಯಾದ ನಿಮಗೆ ಅದೇ ಆತಂಕ. ಗದರಿಸಿದರೆ ಆಸೆ ಹೋಗುವುದಿಲ್ಲ, ನಿಮ್ಮೆದುರು ಹೇಳುವುದನ್ನು ಬಿಡುತ್ತಾನೆ ಅಷ್ಟೆ. ಆ ಆಸೆಗೆ ಕೈತುಂಬ ಕೆಲಸ ಕೊಡುವ ಹವ್ಯಾಸವೊಂದಿದೆ. ರೇಸ್ ಬೈಕಿನ ಪುಟ್ಟ ಮಾದರಿಯನ್ನು ಜೋಡಿಸಿ, ಬಣ್ಣ ಹಚ್ಚಿ, ಅದರ ಮೇಲೆ ಅಂಕಿ ಅಕ್ಷರಗಳನ್ನು ಅಂಟಿಸುವುದು. ಹುಡುಗಿಯರಿಗೂ ಇದು ಅಷ್ಟೇ ಹೊಂದುತ್ತದೆ. ಮೆಹಂದಿ ಕೋನ್ ಹಿಡಿದು ಪಳಗಿದ ಕೈಗೆ ಇದೇನೂ ಕಷ್ಟವಲ್ಲ.

ಇಂತಹ ಮಾದರಿಗಳಿಗೆ ಹೆಸರಾದದ್ದು ಜಪಾನಿನ ಶಿಜುವೊಕಾ ನಗರದ ತಾಮಿಯಾ ಕಂಪೆನಿ. 1946ರಲ್ಲಿ ಮರದ ವ್ಯವಹಾರದಿಂದ ಆರಂಭವಾದ ಈ ಸಂಸ್ಥೆ 1960ರಲ್ಲಿ ಮೊದಲ ಪ್ಲಾಸ್ಟಿಕ್ ಮಾದರಿಯನ್ನು ಹೊರತಂದಿತು. ಅದರ ರೇಸ್ ಬೈಕುಗಳು ನಿಜವಾದ ಬೈಕಿನ ಹನ್ನೆರಡರಲ್ಲಿ ಒಂದು ಭಾಗದಷ್ಟಿರುತ್ತವೆ. ಎರಡು ಮೀಟರ್ ಉದ್ದದ ಬೈಕ್ ಸುಮಾರು 17 ಸೆಂಟಿಮೀಟರಿಗೆ ಇಳಿಯುತ್ತದೆ, ಒಂದು ಗೇಣೂ ತುಂಬದು. ಆದರೆ ಎಂಜಿನ್, ಚೈನ್, ರಬ್ಬರ್ ಟಯರ್ ಎಲ್ಲವೂ ಅದರಲ್ಲಿ ಉಂಟು.

ಒಂದು ಅಂಕಿಯ ಹಿಂದೆ

ಉದಾಹರಣೆಗೆ ಯಮಹಾ ವೈಝಡ್‌ಆರ್-ಎಂ1 ಎಂಬ 2004ರ ನೀಲಿ ಬೈಕನ್ನು ತೆಗೆದುಕೊಳ್ಳಿ. ಅದರ ಮುಂಭಾಗದಲ್ಲಿ 46 ಎಂಬ ಹಳದಿ ಅಂಕಿಯಿದೆ. ಅದು ಇಟಲಿಯ ವ್ಯಾಲೆಂಟಿನೋ ರೋಸಿಯ ಸಂಖ್ಯೆ. ಅವನ ತಂದೆ ಗ್ರಾಝಿಯಾನೋ ಕೂಡ ರೇಸ್ ಓಡಿಸಿದವರು. 46 ಅವರ ಸಂಖ್ಯೆಯಾಗಿತ್ತು. ಚಾಂಪಿಯನ್ ಆದವನು ಮರುವರ್ಷ 1 ಎಂದು ಬರೆಸಿಕೊಳ್ಳಬಹುದು. ಮಗ ಮತ್ತೆ ಮತ್ತೆ ಚಾಂಪಿಯನ್ ಆದರೂ ತಂದೆಯ ಅಂಕಿಯನ್ನು ಬಿಡಲಿಲ್ಲ. 2004ರಲ್ಲಿ ಹೋಂಡಾ ಬಿಟ್ಟು ಯಮಹಾಕ್ಕೆ ಬಂದ ಅವನು ದಕ್ಷಿಣ ಆಫ್ರಿಕದ ವೆಲ್ಕಮ್‌ನಲ್ಲಿ ಮೊದಲ ರೇಸನ್ನೇ ಗೆದ್ದ. ಅದೇ ವರ್ಷ 1992ರ ನಂತರ ಯಮಹಾಕ್ಕೆ ಮೊದಲ ಪಟ್ಟ ತಂದುಕೊಟ್ಟ. ಅವನು 2021ರ ಕೊನೆಗೆ ನಿವೃತ್ತನಾದ. 2022ರಲ್ಲಿ ಆ ಅಂಕಿಗೂ ಮೋಟೋ ಜಿಪಿ ನಿವೃತ್ತಿ ಕೊಟ್ಟಿತು. ಮಗ ಆ ಅಂಕಿಯನ್ನು ಅಂಟಿಸುವಾಗ ಈ ಕತೆಯನ್ನೂ ಅವನಿಗೆ ಹೇಳಿ.

ಬಣ್ಣದ ಕೆಲಸ

ಈ ಕೆಲಸ ಕೆಡುವುದು ಹೆಚ್ಚಾಗಿ ಕೌಶಲ ಇಲ್ಲದ್ದರಿಂದಲ್ಲ, ಆತುರದಿಂದ. ಮೊದಲು ಭಾಗಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನ ಎಣ್ಣೆಯ ಪಸೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಜೋಡಣೆಯ ಗೆರೆ ಕಾಣದಂತೆ ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ಮುಖ್ಯವಾಗಿ ಪೆಟ್ರೋಲ್ ಟ್ಯಾಂಕ್ ಮತ್ತು ಬೈಕಿನ ಹೊರಕವಚಗಳನ್ನು ಗಮನಿಸಿ. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬಳಿಕ ಪ್ರೈಮರ್. ಬೂದು ಪ್ರೈಮರ್ ಬಳಿದಾಗ ಬರಿಗಣ್ಣಿಗೆ ಕಾಣದ ಗೀರುಗಳೂ ಎದ್ದು ಕಾಣುತ್ತವೆ. ಅವನ್ನು ಸರಿಪಡಿಸಿ ಮೇಲೆ ಬಿಳಿ ಬಳಿದರೆ ನೀಲಿ ಬಣ್ಣ ಹೊಳಪಾಗಿ ಬರುತ್ತದೆ.

ಸ್ಪ್ರೇ ಡಬ್ಬಿಯನ್ನು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಕೈಯನ್ನು ನಿಲ್ಲಿಸದೆ ಸರಿಸಬೇಕು. ಮೊದಲ ಪದರ ಮಂಜು ಬಿದ್ದಂತೆ ತೆಳ್ಳಗಿರಲಿ. ಕೆಳಗಿನ ಬಣ್ಣ ಇನ್ನೂ ಕಾಣುತ್ತಿದ್ದರೆ ಗಾಬರಿ ಬೇಡ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಒಂದೇ ಸಲ ದಪ್ಪ ಹಚ್ಚಿದರೆ ಬಣ್ಣ ಇಳಿದು ಕಣ್ಣೀರಿನಂತೆ ಗೆರೆ ಬೀಳುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸ್ಪ್ರೇ ಮಾಡದಿರುವುದೇ ಲೇಸು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕುಳಿತು ಹೊಳಪು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ದಿನವನ್ನು ಆರಿಸಿ, ಹಚ್ಚಿದ ಮೇಲೆ ಕನಿಷ್ಠ ಒಂದು ದಿನ ಮುಟ್ಟದೆ ಬಿಡಿ.

ಡೆಕಾಲ್ ಅಂಟಿಸುವುದು

ಡೆಕಾಲ್ ಎಂದರೆ ಸ್ಟಿಕ್ಕರ್ ಅಲ್ಲ. ಕಾಗದದ ಮೇಲಿರುವ ಬಹಳ ತೆಳುವಾದ ಪೊರೆ. ಬೇಕಾದುದನ್ನು ಮಾತ್ರ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 20 ಸೆಕೆಂಡ್ ಅದ್ದಿ ತೆಗೆಯಿರಿ. ತಕ್ಷಣ ಎಳೆಯಬಾರದು. ಟಿಶ್ಯೂ ಮೇಲೆ ಸುಮಾರು ಒಂದು ನಿಮಿಷ ಇಟ್ಟರೆ ಪೊರೆ ತಾನಾಗಿ ಸಡಿಲವಾಗುತ್ತದೆ. ಅಂಟಿಸುವ ಜಾಗವನ್ನು ಒದ್ದೆ ಮಾಡಿ, ಕಾಗದವನ್ನು ಅಲ್ಲಿಗೆ ತಂದು ಪೊರೆಯನ್ನು ಜಾರಿಸಿ. ಒದ್ದೆಯಿರುವಷ್ಟು ಹೊತ್ತು ಬ್ರಷ್ಷಿನಿಂದ ಸರಿಪಡಿಸಲು ಅವಕಾಶವಿದೆ. ಜಾಗ ಸರಿಯಾದ ಮೇಲೆ ಒದ್ದೆ ಇಯರ್ ಬಡ್‌ನಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲನೆ ಒತ್ತಿ ನೀರು, ಗಾಳಿಯನ್ನು ಹೊರಗೆ ಹಾಕಿ.

ಟ್ಯಾಂಕಿನ ಉಬ್ಬು, ಮುಂಭಾಗದ ಬಾಗಿನಲ್ಲಿ ಪೊರೆ ಸುಲಭವಾಗಿ ಕೂರುವುದಿಲ್ಲ. ಅದನ್ನು ಮೆತ್ತಗಾಗಿಸುವ ದ್ರವವೇ ಸಿಗುತ್ತದೆ. ಅದನ್ನು ಹಚ್ಚಿದೊಡನೆ ಪೊರೆ ಸುಕ್ಕುಗಟ್ಟುತ್ತದೆ. ನೋಡಿದವರಿಗೆ ಎಲ್ಲ ಹಾಳಾಯಿತೆನಿಸುತ್ತದೆ. ಆಗಲೇ ಕೈಯನ್ನು ಕಟ್ಟಿಟ್ಟುಕೊಳ್ಳಬೇಕು. ಮುಟ್ಟಿದರೆ ಹರಿಯುತ್ತದೆ. ಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಚಪ್ಪಟೆಯಾಗಿ ಬಣ್ಣದೊಡನೆ ಬೆರೆತಂತೆ ಕೂರುತ್ತದೆ. ಒಂದೆರಡು ದಿನ ಒಣಗಿದ ಮೇಲೆ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಳಿಕ ಪಾರದರ್ಶಕ ವಾರ್ನಿಷ್ ಹಾಕಿ. ಇಲ್ಲೂ ಮೊದಲ ಪದರಗಳು ತೀರಾ ತೆಳ್ಳಗಿರಬೇಕು. ದಪ್ಪವಾದರೆ ದ್ರಾವಕ ಡೆಕಾಲನ್ನೇ ಕರಗಿಸೀತು.

ಮನೆಯಲ್ಲಿ ಗಮನಿಸಬೇಕಾದದ್ದು

ಸ್ಪ್ರೇ ಬಣ್ಣ, ಥಿನ್ನರುಗಳ ಆವಿ ಶ್ವಾಸಕೋಶಕ್ಕೂ ಮಿದುಳಿಗೂ ಒಳ್ಳೆಯದಲ್ಲ, ಬೆಂಕಿಗೂ ಬೇಗ ಹತ್ತುತ್ತದೆ. ಅಡುಗೆಮನೆಯ ಹತ್ತಿರ ಬೇಡವೇ ಬೇಡ. ಬಯಲಲ್ಲಿ ಅಥವಾ ಗಾಳಿಯಾಡುವ ಜಗಲಿಯಲ್ಲಿ ಮಾಡಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ರಾಸಾಯನಿಕ ಆವಿಗೆಂದೇ ಮಾಡಿದ ಮಾಸ್ಕ್ ಬೇಕು. ಗರ್ಭಿಣಿಯರು, ಕೈಗೂಸುಗಳು ಹತ್ತಿರ ಇರಬಾರದು. ಚಿಕ್ಕ ಮಕ್ಕಳಾದರೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಮತ್ತು ಬ್ರಷ್ ಸಾಕು. ಕೈಗವಸು ಹಾಕಿಸಿ. ಉಗುರಿಗೆ ಅಂಟಿದ ಬಣ್ಣ ನೀರನ್ನು ತಡೆಯುವುದರಿಂದ ವುಝೂ ಮಾಡುವಾಗ ತೊಂದರೆಯಾಗುತ್ತದೆ.

ಇನ್ನೊಂದು ಮಾತು. ಆ ಕಾಲದ ರೇಸ್ ಬೈಕುಗಳ ಮೇಲೆ ಸಿಗರೇಟ್ ಕಂಪೆನಿಗಳ ಹೆಸರು ರಾರಾಜಿಸುತ್ತಿತ್ತು. 2005ರ ಜುಲೈ 31ರೊಳಗೆ ಇಂತಹ ಪ್ರಾಯೋಜಕತ್ವವನ್ನು ನಿಲ್ಲಿಸಬೇಕೆಂದು ಯುರೋಪಿಯನ್ ಒಕ್ಕೂಟ ಕಾನೂನು ಮಾಡಿತು. ಮಾದರಿ ತಯಾರಿಸುವವರೂ ಸಾಮಾನ್ಯವಾಗಿ ಆ ಹೆಸರುಗಳನ್ನು ಬಿಟ್ಟುಬಿಡುತ್ತಾರೆ. ಕೆಲವರು ಅವನ್ನು ಬೇರೆಯಾಗಿ ಕೊಂಡು ಅಂಟಿಸುತ್ತಾರೆ. ನಿಮ್ಮ ಮಗ ಕೇಳಿದರೆ ಬೇಡವೆನ್ನಿ, ಯಾಕೆಂದೂ ಹೇಳಿ. ನಿಷೇಧವಿದ್ದ ದೇಶಗಳಲ್ಲಿ ನಿಜವಾದ ಬೈಕುಗಳೂ ಆ ಹೆಸರಿಲ್ಲದೆಯೇ ಓಡಿದ್ದವು, ಅದರಿಂದ ವೇಗವೇನೂ ಕಡಿಮೆಯಾಗಲಿಲ್ಲ.

ಈ ಬೈಕ್ ಒಂದು ದಿನದಲ್ಲಿ ಮುಗಿಯುವುದಿಲ್ಲ. ರಜೆಯ ಮೂರು ನಾಲ್ಕು ವಾರಗಳು ಬೇಕು, ಅದರಲ್ಲಿ ಹೆಚ್ಚಿನ ಸಮಯ ಒಣಗಲು ಕಾಯುವುದರಲ್ಲೇ ಹೋಗುತ್ತದೆ. ಆ ಹೊತ್ತಿನಲ್ಲಿ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಬೈಕಿನ ಬಗ್ಗೆ, ವೇಗದ ಬಗ್ಗೆ, ಹೆಲ್ಮೆಟಿನ ಬಗ್ಗೆ ಉಪದೇಶವಿಲ್ಲದೆ ಮಾತಾಡಲು ಇಂತಹ ಸಂದರ್ಭ ಬೇರೆ ಸಿಗದು. ನಾಳೆ ರಸ್ತೆಗಿಳಿಯುವ ಮಗನಿಗೆ ಕಾಯುವ ಅಭ್ಯಾಸ ಮನೆಯಲ್ಲೇ ಆಗಲಿ.